ಆರು ಬೈ ನಾಲ್ಕು ಬಟ್ಟೆಯ ಮೇಲೆ ಕೊನ್ಸೊ: ವಿಜಯಪುರದ ಒಂದು ಬ್ಯಾನರ್ ಅಂಗಡಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುವುದಿಲ್ಲ. ಮಾಲೀಕರೇ ಬೇಡ ಅಂದರು. "ಟೀಚರ್, ಈಗಿದ್ದ ಕೆಲಸಾನ ಮುಗೀವಲ್ದು. ಮತ್ತ ಹೆಸರ ಹಾಕಿ ಮಂದಿ ಕಳಸಬ್ಯಾಡ್ರಿ" ಅಂತ ಕೈ ಮುಗಿದರು. ವಿಮರ್ಶೆಯಲ್ಲಿ ಬೈಗುಳವೂ ಇರುತ್ತೆ ಅಂತ ಅವರಿಗೆ ಅನುಮಾನ ಬಂದಿರಬೇಕು. ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿ ಬ್ಯಾನರ್ ಅಂಗಡಿಗಳಿಗೆ ಬರ ಇಲ್ಲ. ಅವುಗಳಲ್ಲೊಂದು, ಕಡಿದಾದ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಹೋಗಬೇಕು, ಒಳಗೆ ಕಾಲಿಟ್ಟರೆ ಇಂಕಿನ ವಾಸನೆ ಮೂಗಿಗೆ ಹೊಡೆಯುತ್ತೆ. ಇಷ್ಟು ಸಾಕು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳು. ಈ ಅಂಗಡಿಗೆ ಹೋಗಿದ್ದು ಆಫ್ರಿಕಾದ ಒಂದು ಹಳ್ಳಿಗಾಡು ಜಿಲ್ಲೆಯ ನಕ್ಷೆ ಪ್ರಿಂಟ್ ಮಾಡಿಸಲು. ಇಥಿಯೋಪಿಯಾದ ದಕ್ಷಿಣದಲ್ಲಿರುವ ಕೊನ್ಸೊ. ಹೆಸರು ಕೇಳಿದವರೆಲ್ಲ "ಯಾಕ್ರೀ ಟೀಚರ್, ನಮ್ಮ ಜಿಲ್ಲಾ ಸಾಕಾಗ್ಲಿಲ್ಲೇನು?" ಅಂದರು. ಕಾರಣ ಜೋಳ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತ್ತಲ್ವಾ, ಆಗಿನಿಂದ ನಮ್ಮ ಶಾಲೆಯಲ್ಲೂ ಜೋಳ, ಸಜ್ಜೆ ಅಂತ ಭಾಷಣ ಜಾಸ್ತಿ ಆಗಿದೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಜೋಳ ಮೊದಲು ಬೆಳೆದವರು ಯಾರು ಅಂತ ಕೇಳಿದಳು. ಆಫ್ರಿಕಾದ ಈಶಾನ್ಯ ಭಾಗದವರು, ಸುಡಾನ್ ಇಥಿಯೋಪಿಯಾ ಕಡೆಯವರು ಅಂದೆ. ತರಗತಿ ನಂಬಲಿಲ್ಲ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತ ನಮ್ಮ ಡೋಣಿ ಹೊಳೆಯ ಗಾದೆ ಕೇಳಿಕೊಂಡೇ ಬೆಳೆದ ಮಕ್ಕಳವು. ಬಿಳಿಜೋಳ ನಮ್ಮ ಎರೆಹೊಲದಲ್ಲೇ ಹುಟ್ಟಿದ್ದು ಅಂತ ಅವರ ಲೆಕ್ಕ. ಸರಿ, ಈ ಸಲದ ವಸ್ತುಪ್ರದರ್ಶನಕ್ಕೆ ಜೋಳದ ತವರಿನ ಕಡೆಯ ಒಂದು ಜಿಲ್ಲೆಯನ್ನೇ ತಂದು ಗೋಡೆಗೆ ನೇತುಹಾಕೋಣ ಅಂದುಕೊಂಡೆ. ಮಳೆ ಕಡಿಮೆ, ಕಲ್ಲು ಜಾಸ್ತಿ, ಊಟಕ್ಕೆ ಜೋಳ. ಹುಡುಕಿದಾಗ ಸಿಕ್ಕಿದ್ದೇ ಕೊನ್ಸೊ.

ಅಂಗಡಿಯಲ್ಲಿ ಮೊದಲ ಪ್ರಶ್ನೆ ಸೈಜ್ ಎಷ್ಟು. ಎರಡನೇ ಪ್ರಶ್ನೆ ಫ್ಲೆಕ್ಸಾ ಬಟ್ಟೆಯಾ. ಶಾಲೆಯಲ್ಲಿ ಪ್ಲಾಸ್ಟಿಕ್ ಬೇಡ ಅಂತ ಹೆಡ್‌ಮಾಸ್ತರು ಹೇಳಿದ್ದರು, ಹಾಗಾಗಿ ಬಟ್ಟೆ. ಚದರ ಅಡಿಗೆ 38 ರೂಪಾಯಿ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, 24 ಚದರ ಅಡಿ, 912 ರೂಪಾಯಿ. ಡಿಸೈನ್‌ಗೆ 350. ಮೇಲೆ ಕೆಳಗೆ ಕಟ್ಟಿಗೆ ಪಟ್ಟಿ, ಮೂಲೆಗೆ ರಿಂಗ್, ಅದಕ್ಕೆ 120. ಒಟ್ಟು 1,382. ಕೊನೆಗೆ 1,350 ತಗೊಂಡರು. ಬಟ್ಟೆಯ ಮೇಲೆ ಬಣ್ಣ ಸ್ವಲ್ಪ ಮಂಕಾಗುತ್ತೆ, ಇದನ್ನು ಮೊದಲೇ ಹೇಳಿದರು. ಹೇಳಿದ ಹಾಗೇ ಆಯಿತು. ಆ ವಿಷಯದಲ್ಲಿ ತಕರಾರಿಲ್ಲ.

ಮೂರನೇ ಪ್ರಶ್ನೆ ಕೇಳಿದ್ದು ಕಂಪ್ಯೂಟರ್ ಮುಂದೆ ಕೂತ ಹುಡುಗ. ಇಂಡಿ ಕಡೆಯವನು, ಮನೆಯಲ್ಲಿ ಲಿಂಬೆ ತೋಟ. ಓದು ಪಿಯುಸಿಗೆ ನಿಲ್ಲಿಸಿದ್ದಾನೆ. ನನ್ನ ಹಾಳೆಗಳನ್ನು ತಿರುವಿ ಹಾಕಿ, "ಟೀಚರ್, ಇದ್ರಾಗ ಲೀಡರ್ ಫೋಟೋನ ಇಲ್ಲಲ್ರೀ?" ಅಂದ.

"ನಕ್ಷೆಗೆ ಲೀಡರ್ ಯಾಕಪ್ಪಾ?"

"ನಡುವ ದೊಡ್ಡದೊಂದು ಫೋಟೋ, ಆಜೂಬಾಜೂ ಸಣ್ಣವು, ಕೆಳಗ ಶುಭ ಕೋರುವವರು. ಎಲ್ಲಾದಕ್ಕೂ ಹಂಗ ಇರ್ತದರಿ."

ಆಗ ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಯಾಕೆಂದರೆ ನನ್ನ ಹಾಳೆಯ ಮೂರನೇ ಪುಟದಲ್ಲಿ ಸರಿಯಾಗಿ ಅಂಥದ್ದೇ ಒಂದು ಚಿತ್ರ ಇತ್ತು. ಕೊನ್ಸೊದವರು ಒಬ್ಬ ವೀರ ಸತ್ತಾಗ ಮರದ ಗೊಂಬೆಗಳನ್ನು ಕೆತ್ತಿ ಸಾಲಾಗಿ ನಿಲ್ಲಿಸುತ್ತಿದ್ದರು. ಅದಕ್ಕೆ ವಾಗಾ ಅಂತಾರೆ. ನಡುವೆ ವೀರ. ಪಕ್ಕದಲ್ಲಿ ಅವನ ಹೆಂಡತಿಯರು. ಆಚೆ ಈಚೆ ಅವನು ಕೊಂದ ಶತ್ರುಗಳು, ಚಿರತೆಯಂಥ ಪ್ರಾಣಿ ಕೊಂದಿದ್ದರೆ ಅದೂ ಉಂಟು. ಕಣ್ಣಿಗೆ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು, ಹಲ್ಲಿಗೆ ಮೂಳೆಯ ಚೂರು. ಬ್ಯಾನರ್ ಅಲ್ಲದೆ ಇನ್ನೇನು! ಹುಡುಗನಿಗೆ ಚಿತ್ರ ತೋರಿಸಿದೆ. "ಇವರ್ದು ನಮಗಿಂತ ಭಾಳ ದಿನ ಬಾಳಿಕಿ ಬರ್ತದ್ರಿ. ನಮ್ದು ಎರಡ ಮಳಿಗೆ ಹರೀತದ" ಅಂದ.

ಬಾಳಿಕೆ ಬಂದಿದ್ದೇ ಮುಳುವಾಯಿತು ಅನ್ನಬೇಕು. ಹೊರಗಿನವರಿಗೆ ಮಾರಲು ವಾಗಾಗಳನ್ನು ಕದಿಯುವವರು ಹುಟ್ಟಿಕೊಂಡರು. ಮರಳಿ ಸಿಕ್ಕವನ್ನು ಕರಾಟ್ ಎಂಬ ಊರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಕರಾಟ್ ಕೊನ್ಸೊದ ಮುಖ್ಯ ಪೇಟೆ. ನಮ್ಮಲ್ಲಿ ವೀರಗಲ್ಲು ಇಲ್ಲದ ಊರು ಕಡಿಮೆ. ಅದನ್ನು ಯಾರೂ ಕದಿಯುವುದಿಲ್ಲ, ಭಾರ. ಬಟ್ಟೆ ಒಗೆಯುವ ಕಲ್ಲಾಗಿ ಹೋಗಿದ್ದನ್ನು ಮಾತ್ರ ನೋಡಿದ್ದೇನೆ.

ಈಗ ತಕರಾರಿಗೆ ಬರುತ್ತೇನೆ.

ಒಂದು, ಹೊತ್ತು. ನಾನು ಹೋಗಿದ್ದು ಜನವರಿ ಮೊದಲ ವಾರ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಊರಿನ ಎಲ್ಲ ಬ್ಯಾನರ್ ಅಂಗಡಿಗಳೂ ಆ ವಾರ ಮದುವೆಮನೆ ಆಗಿರುತ್ತವೆ ಅಂತ ಗೊತ್ತಿದ್ದೂ ಹೋದದ್ದು ನನ್ನ ತಪ್ಪು. ಆದರೆ "ನಾಳೆ ಬರ್ರಿ" ಅಂದು ನಾಲ್ಕು ದಿನ ಓಡಾಡಿಸಿದ್ದು ಅವರ ತಪ್ಪು. ಆಗಲ್ಲ ಅಂದಿದ್ದರೆ ಬಸ್ ಚಾರ್ಜ್ ಆದರೂ ಉಳಿಯುತ್ತಿತ್ತು.

ಎರಡು, ಅಕ್ಷರ. ನಾನು ಮೊಬೈಲಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡಿದ್ದೆ. ಅವರು ಡಿಸೈನ್ ಮಾಡುವ ಕೋರೆಲ್ ಡ್ರಾದಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್. ಅಂಟಿಸಿದರೆ ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾಗಿ ಉದುರಿ ಬಿದ್ದವು. ಕನ್ವರ್ಟರ್ ಇದೆ, ಅದೂ ಅರ್ಧಂಬರ್ಧ. ಕೊನೆಗೆ ಹುಡುಗ ಅಷ್ಟನ್ನೂ ಕೈಯಾರೆ ಟೈಪ್ ಮಾಡಿದ. ಆಗ ಶುರುವಾಯಿತು ನೋಡಿ. ಇಥಿಯೋಪಿಯಾ "ಇತಿಯೋಪಿಯಾ" ಆಯಿತು. ಕೊನ್ಸೊ "ಕೋಣ್ಸೊ" ಆಯಿತು. ಆರಡಿ ಬಟ್ಟೆಯ ತಲೆಗೆ ಕೋಣ ಬಂದು ಕೂತರೆ ಮಕ್ಕಳು ವರ್ಷಪೂರ್ತಿ ಬಿಡ್ತಾರಾ? ನುಗ್ಗೆ "ನುಗ್ಗಿ" ಆಗಿತ್ತು. ಅದನ್ನು ಹಾಗೇ ಬಿಡಿ ಅಂದೆ. ಮನೆಯಲ್ಲಿ ನಾವು ಅನ್ನೋದು ನುಗ್ಗಿ ಅಂತಲೇ.

ಮೂರು, ಅಂಕಿ. ಇದು ಗಂಭೀರ. ಇಥಿಯೋಪಿಯಾದಲ್ಲಿ ಕೊನೆಯ ಜನಗಣತಿ ಆಗಿದ್ದು 2007ರಲ್ಲಿ. ಆ ಲೆಕ್ಕದಲ್ಲಿ ಕೊನ್ಸೊದ ಜನ 2,35,087. ಎರಡನೇ ಪ್ರೂಫ್‌ನಲ್ಲಿ ಅದು 23,50,087 ಆಗಿ ಬಂತು. 2011ರ ಜನಗಣತಿಯಲ್ಲಿ ನಮ್ಮ ಇಡೀ ವಿಜಯಪುರ ಜಿಲ್ಲೆಯೇ 21.77 ಲಕ್ಷ. ಒಂದು ಸೊನ್ನೆ ನುಸುಳಿದ್ದಕ್ಕೆ ಕೊನ್ಸೊ ನಮ್ಮನ್ನು ಮೀರಿಸಿಬಿಟ್ಟಿತ್ತು. ನಾನು ಹಿಡಿದದ್ದು ಗಂಡಸರು, ಹೆಂಗಸರ ಅಂಕಿ ಕೂಡಿಸಿ ನೋಡಿದ್ದರಿಂದ: 1,13,412 ಮತ್ತು 1,21,675. ಹೆಂಗಸರೇ ಎಂಟು ಸಾವಿರ ಜಾಸ್ತಿ. ಪೇಟೆಯಲ್ಲಿ ಇದ್ದವರು 9,057 ಮಾತ್ರ, ನೂರಕ್ಕೆ ನಾಲ್ಕು ಜನವೂ ಇಲ್ಲ. ಉಳಿದವರೆಲ್ಲ ಗುಡ್ಡದ ಮೇಲಿನ ಊರುಗಳಲ್ಲಿ.

"ಇಷ್ಟ ಹಳೀ ಲೆಕ್ಕ ಯಾಕ್ರೀ?" ಅಂತ ಹುಡುಗ ಕೇಳಿದ. ಅವರಲ್ಲಿ 2017ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಮುಂದೆ ಹೋಗುತ್ತಲೇ ಇದೆ ಅಂದೆ. ನಗಬೇಡ, ನಮ್ಮ 2021ರದ್ದೂ ಹಾಗೇ ಹೋಯಿತು ಅಂತ ಸೇರಿಸಿದೆ. ನನ್ನ ಕಿವಿಮಾತು ಇಷ್ಟೇ: ಈ ಅಂಗಡಿಯಲ್ಲಿ, ನಿಜ ಹೇಳಬೇಕೆಂದರೆ ಯಾವ ಅಂಗಡಿಯಲ್ಲೂ, ಅಂಕಿಗಳನ್ನು ಪರದೆ ಮೇಲೆ ಓದಬೇಡಿ. ಹತ್ತು ರೂಪಾಯಿ ಕೊಟ್ಟು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಹೊರಗೆ ಚಹಾದಂಗಡಿಯಲ್ಲಿ ಕೂತು, ಪೆನ್ನು ಹಿಡಿದು ಓದಿ.

ನಾಲ್ಕನೇ ತಕರಾರು ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸಿತು. ಮೊದಲ ಪ್ರೂಫ್‌ನಲ್ಲಿ ನಾಲ್ಕೂ ಮೂಲೆಗೆ ಸಿಂಹ, ಜಿರಾಫೆ, ಈಟಿ ಹಿಡಿದು ಕೆಂಪು ಬಟ್ಟೆ ಹೊದ್ದ ಎತ್ತರದ ಗಂಡಸರು. ನಾನು ಕೊಟ್ಟಿದ್ದಲ್ಲ. ಆಫ್ರಿಕಾ ಅಂತ ಹುಡುಕಿದರೆ ಸಿಕ್ಕಿದ್ದನ್ನು ಹಾಕಿದ್ದಾನೆ. ಆ ಕೆಂಪು ಬಟ್ಟೆಯವರು ಮಸಾಯಿಗಳು, ಕೀನ್ಯಾ ಟಾಂಜಾನಿಯಾದ ದನಗಾಹಿಗಳು. ಕೊನ್ಸೊದವರು ಒಕ್ಕಲಿಗರು, ನೇಕಾರರು, ಕುಂಬಾರರು, ಕಮ್ಮಾರರು. ಇವರನ್ನು ಅವರು ಅಂತ ತೋರಿಸುವುದು, ಇಳಕಲ್ ಸೀರೆ ಮೇಲೆ ಪಂಜಾಬಿನ ಪಗಡಿ ಸುತ್ತಿದ ಹಾಗೆ. "ತಗೀರಿ ಅಂದ್ರ ತಗೀತೀನ್ರಿ, ಆದ್ರ ಖಾಲಿ ಕಾಣ್ತದ" ಅಂದ. ಖಾಲಿ ಇರಲಿ ಅಂದೆ. ಆಮೇಲೆ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರು ಬರೆದ ಗುಡ್ಡದ ಚಿತ್ರ ಕೊಟ್ಟೆ. ಅದನ್ನು ಮೊಬೈಲಲ್ಲೇ ಸ್ಕ್ಯಾನ್ ಮಾಡಿ ಚೊಕ್ಕವಾಗಿ ಕೂಡಿಸಿದ.

ಇನ್ನು ಮೆಚ್ಚುಗೆ. ಮೆಚ್ಚುಗೆಯೆಲ್ಲ ಆ ಹುಡುಗನಿಗೇ.

ನಾಲ್ಕನೇ ದಿನ ಸಂಜೆ ಹೋದಾಗ ಅಂಗಡಿ ಸ್ವಲ್ಪ ಖಾಲಿ ಇತ್ತು. ಜಾತ್ರೆಯ ಬ್ಯಾನರ್‌ಗಳು ಆಟೋ ಏರಿ ಹೋಗಿದ್ದವು. ಹುಡುಗ ನನ್ನ ಟ್ರೇಸಿಂಗ್ ಹಾಳೆಯನ್ನು ಪರದೆಯ ಮೇಲೆ ಹಾಕಿಕೊಂಡು ಗೆರೆ ಎಳೆಯುತ್ತಿದ್ದ. ಮುಂಗೈ ಕೆಳಗೆ ಮಡಚಿದ ಟವೆಲ್. ಒಂದು ಚುಕ್ಕಿ ಒತ್ತುವುದು, ಎಳೆಯುವುದು, ಬಾಗಿಸುವುದು, ಮತ್ತೊಂದು ಚುಕ್ಕಿ. ಗುಡ್ಡದ ಮೆಟ್ಟಿಲು ಹೊಲಗಳನ್ನು ನಾನು ಮೂರು ಗೆರೆಯಲ್ಲಿ ಮುಗಿಸಿದ್ದೆ. ಅವನು ಹನ್ನೊಂದು ಗೆರೆ ಎಳೆದಿದ್ದ.

"ಇಡೀ ಗುಡ್ಡಕ್ಕ ಪಾವಟಿಗಿ ಹೊಡದಾರೇನ್ರೀ ಟೀಚರ್?"

ಇಡೀ ಗುಡ್ಡಕ್ಕೇ. ಕೊನ್ಸೊ ಅಂದರೆ ಅದೇ. ಸಿಮೆಂಟಿಲ್ಲ, ಗಾರೆಯಿಲ್ಲ. ಬರೀ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಹಿಂದೆ ಮಣ್ಣು ನಿಲ್ಲಿಸಿ, ಅಲ್ಲಿ ಬಿತ್ತುತ್ತಾರೆ. ಕೆಲವು ಕಡೆ ಗೋಡೆ ಆಳೆತ್ತರ ಮೀರುತ್ತೆ. ಮಳೆ ಅಲ್ಲಿ ವರ್ಷಕ್ಕೆ ಎರಡು ಸಲ. ಮಾರ್ಚ್‌ನಿಂದ ಮೇ ತನಕ ದೊಡ್ಡದು, ಅಕ್ಟೋಬರ್ ಸುಮಾರಿಗೆ ಚಿಕ್ಕದು. ಬಂದರೆ ಒಮ್ಮೆಲೇ ಸುರಿಯುತ್ತೆ. ಗೋಡೆ ಇಲ್ಲದಿದ್ದರೆ ಮಣ್ಣೆಲ್ಲ ಕೆಳಗಿನ ಸಗನ್ ಹೊಳೆ ಸೇರುತ್ತೆ. ಹೆಚ್ಚಾದ ನೀರು ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇಳಿದು ಹೋಗಲು ದಾರಿ ಬಿಟ್ಟಿರುತ್ತಾರೆ. ಹೊಲ ಕಿರಿದು, ಎತ್ತು ತಿರುಗಿಸಲು ಜಾಗ ಇಲ್ಲ. ಕೈಯಲ್ಲಿ ಅಗೆಯುವುದೇ. ದನಗಳನ್ನು ಮನೆಯಲ್ಲೇ ಕಟ್ಟಿ ಮೇಯಿಸಿ, ಗೊಬ್ಬರವನ್ನು ಹೊತ್ತು ಗುಡ್ಡಕ್ಕೆ ಒಯ್ಯುತ್ತಾರೆ.

"ನಮ್ಮಪ್ಪ ಮೂರ ಒಡ್ಡ ಹಾಕಿ ಟೊಂಕ ನೋಯ್ತದ ಅಂತಾನ್ರಿ" ಅಂದ. ನನ್ನ ಅಪ್ಪನೂ ಒಡ್ಡಿನ ಮನುಷ್ಯನೇ. ಮುಂಗಾರಿಗೆ ಮೊದಲು ಹೊಲದಲ್ಲಿ ಒಡ್ಡು ಸರಿ ಮಾಡದೇ ಅವನಿಗೆ ಉಂಡದ್ದು ಇಳಿಯುತ್ತಿರಲಿಲ್ಲ. ಕೊನ್ಸೊದಲ್ಲೂ ಈ ಕೆಲಸ ಒಬ್ಬರದಲ್ಲ, ನಮ್ಮ ಮುಯ್ಯಾಳಿನ ಹಾಗೆ ಎಲ್ಲರೂ ಸೇರುತ್ತಾರೆ. ಬಂದವರಿಗೆ ಜೋಳ ಹುಳಿ ಬರಿಸಿ ಮಾಡಿದ ಚಾಕಾ ಕೊಡುತ್ತಾರೆ. ಅದು ಬಿಯರ್ರೇ. ಶಾಲೆಯ ನಕ್ಷೆಯಲ್ಲಿ ಬಿಯರ್ ಅಂತ ಬರೆಯೋಕಾಗುತ್ತಾ? "ಹುಳಿ ಬರಿಸಿದ ಜೋಳದ ಪಾನೀಯ" ಅಂತ ಬರೆದೆ. ಹೆಡ್‌ಮಾಸ್ತರು ಅಂಬಲಿ ಅಂತ ತಿಳಿದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ನುಗ್ಗಿಯ ಕಥೆ ಬೇರೆ. ಅಲ್ಲಿನ ನುಗ್ಗಿ ನಮ್ಮದಲ್ಲ, ಅದರ ದಾಯಾದಿ. ಮೊರಿಂಗಾ ಸ್ಟೆನೋಪೆಟಲಾ ಅಂತ ಹೆಸರು. ಬುಡ ಊದಿಕೊಂಡ ದಪ್ಪ ಮರ, ಮನೆ ಸುತ್ತ, ಹೊಲದ ಮೆಟ್ಟಿಲ ಮೇಲೆ ಎಲ್ಲ ಕಡೆ ಇರುತ್ತೆ. ನಾವು ಕಾಯಿಗೆ ಜೀವ ಬಿಡುತ್ತೇವೆ, ಅವರು ಎಲೆ ತಿನ್ನುತ್ತಾರೆ. ಜೋಳದ ಹಿಟ್ಟಿನ ಉಂಡೆ ಮಾಡಿ ಈ ಸೊಪ್ಪಿನ ಜೊತೆ ಕುದಿಸಿದರೆ ಅದು ಕುರ್ಕುಫಾ. ಮಳೆ ಕೈಕೊಟ್ಟ ವರ್ಷವೂ ಮರ ಹಸಿರಿರುತ್ತೆ, ಹೊಟ್ಟೆಗೆ ಅದೇ ಆಧಾರ. ಪ್ರದರ್ಶನದ ದಿನ ಮಕ್ಕಳು ನಮ್ಮ ನುಗ್ಗಿ ಸೊಪ್ಪು ಹಾಕಿ ಇದನ್ನು ಮಾಡಿದ್ದರು. ಉಪ್ಪು ಜಾಸ್ತಿ ಆಗಿತ್ತು. ಆದರೂ ಪಾತ್ರೆ ಖಾಲಿ ಆಯಿತು.

ಹುಡುಗನ ವಿಷಯ ಎಲ್ಲೋ ಹೋಯಿತು. ಅವನನ್ನು ನಾನು ಮೆಚ್ಚಿದ್ದು ಗೆರೆಗಳಿಗಾಗಿ ಅಲ್ಲ, ಒಂದು ಲೆಕ್ಕಕ್ಕಾಗಿ. ನಕ್ಷೆಯ ಬಲಗಡೆ ಇತಿಹಾಸದ ಅಂಕಣ ಇತ್ತು. ಅಲ್ಲಿ ಯುನೆಸ್ಕೊ ಮಾತು ಹಾಕಿದ್ದೆ. ಕೊನ್ಸೊದ ಮೆಟ್ಟಿಲು ಹೊಲಗಳು ಮತ್ತು ಕಲ್ಲುಕೋಟೆಯ ಊರುಗಳು 2011ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು, ಈ ಪದ್ಧತಿ 21 ತಲೆಮಾರಿನದು, 400 ವರ್ಷಕ್ಕೂ ಹಿಂದಿನದು ಅಂತ. ಅದರ ಕೆಳಗೇ ಇನ್ನೊಂದು ಸಾಲು. ಒಂದು ತಲೆಮಾರು ಅಧಿಕಾರ ಬಿಟ್ಟು ಮುಂದಿನವರಿಗೆ ಕೊಡುವಾಗ ಊರ ನಡುವೆ ಉದ್ದನೆಯ ಮರದ ಕಂಬ ನೆಡುತ್ತಾರೆ, 18 ವರ್ಷಕ್ಕೊಂದು, ಕಂಬ ಎಣಿಸಿದರೆ ಊರಿನ ವಯಸ್ಸು ಗೊತ್ತಾಗುತ್ತೆ.

ಹುಡುಗ ಟೈಪ್ ಮಾಡುವುದು ನಿಲ್ಲಿಸಿ ಮೊಬೈಲ್ ತೆಗೆದ. ಮೆಸೇಜ್ ನೋಡುತ್ತಿದ್ದಾನೆ ಅಂದುಕೊಂಡೆ. ಕ್ಯಾಲ್ಕುಲೇಟರ್ ಒತ್ತುತ್ತಿದ್ದ.

"ಇಪ್ಪತ್ತೊಂದಕ್ಕ ಹದಿನೆಂಟು ಗುಣಸಿದ್ರ ಮುನ್ನೂರಾ ಎಪ್ಪತ್ತೆಂಟ ಆಗ್ತದ್ರಿ. ನೀವು ನಾನೂರಕ್ಕಿಂತ ಜಾಸ್ತಿ ಅಂತ ಬರದೀರಿ."

ನಾನು ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಈ ಎರಡು ಸಾಲನ್ನು ಪಕ್ಕಪಕ್ಕದಲ್ಲಿ ನಾನೇ ಬರೆದಿದ್ದೆ. ಗುಣಿಸಿ ನೋಡಿರಲಿಲ್ಲ. ಪುಸ್ತಕ ತೆಗೆದು ಮತ್ತೆ ನೋಡಿದಾಗ ಗೊತ್ತಾಯಿತು, ಹದಿನೆಂಟರ ಲೆಕ್ಕ ಕೊನ್ಸೊದ ಎಲ್ಲ ಭಾಗಕ್ಕೂ ಒಂದೇ ಅಲ್ಲ, ಬೇರೆ ಕಡೆ ಬೇರೆ ಅವಧಿ ಇದೆ. ಆ ಸಾಲಿಗೆ "ಕೆಲವು ಊರುಗಳಲ್ಲಿ" ಅಂತ ಸೇರಿಸಿ, 21 ತಲೆಮಾರು ಮಾತ್ರ ಇಟ್ಟು 400 ತೆಗೆಸಿದೆ. ದಿನಕ್ಕೆ ಐವತ್ತು ಹುಟ್ಟುಹಬ್ಬದ ಬ್ಯಾನರ್ ಮಾಡುವ ಹುಡುಗ ನನ್ನ ನಕ್ಷೆಯನ್ನು ಓದುತ್ತಿದ್ದ. ಪ್ರದರ್ಶನಕ್ಕೆ ಬಂದ ಅಧಿಕಾರಿಗಳಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ.

ಓದುತ್ತಾನೆ ಅಂತ ಗೊತ್ತಾದ ಮೇಲೆ ನನಗೂ ಹುರುಪು ಬಂತು. ಆಡಳಿತದ ಭಾಗ ಬಂದಾಗ ವಿವರಿಸಿದೆ. ಅಲ್ಲಿ ಊರ ಮಟ್ಟದ್ದು ಕೆಬೆಲೆ, ತಾಲೂಕಿನಂಥದ್ದು ವೊರೆಡಾ, ಅದರ ಮೇಲೆ ಝೋನ್. ಕೊನ್ಸೊ ಮೊದಲು ವಿಶೇಷ ವೊರೆಡಾ ಆಗಿತ್ತು, ಅಂದರೆ ತನ್ನ ಕಾಲ ಮೇಲೆ ತಾನು. 2011ರಲ್ಲಿ ಅದನ್ನು ಅಕ್ಕಪಕ್ಕದವರ ಜೊತೆ ಸೇರಿಸಿ ಸೆಗೆನ್ ಅಂತ ಒಂದು ಝೋನ್ ಮಾಡಿದರು. ಜನಕ್ಕೆ ಸಮ್ಮತ ಇರಲಿಲ್ಲ, ಬೀದಿಗಿಳಿದರು. 2018ರಲ್ಲಿ ಕೊನ್ಸೊ ತನ್ನದೇ ಝೋನ್ ಪಡೆಯಿತು. 2023ರಲ್ಲಿ ದಕ್ಷಿಣ ಇಥಿಯೋಪಿಯಾ ಎಂಬ ಹೊಸ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ಪೇಟೆಯಲ್ಲಿ ಸಿಗುವ ಅಟ್ಲಾಸ್‌ಗಳಲ್ಲಿ ಇದು ಸರಿಯಾಗಿ ಇಲ್ಲ. ನಾವೇ ಬರೆಯಬೇಕಾಗಿ ಬಂದದ್ದು ಇದಕ್ಕೇ. "ಬಾಗಲಕೋಟಿ ನಮ್ಮಿಂದ ಬ್ಯಾರೆ ಆದಂಗ" ಅಂದ. ಹೌದು, 1997. ಅವನಿನ್ನೂ ಹುಟ್ಟಿರಲಿಲ್ಲ.

ಇತಿಹಾಸದ ಅಂಕಣದ ತಲೆಗೆ ಒಂದು ಕಲ್ಲಿನ ಕೊಡಲಿಯ ಚಿತ್ರ ಇದೆ. ಕೊನ್ಸೊದ ಹತ್ತಿರ ಅಗೆದಾಗ ಸಿಕ್ಕ ಕೈಕೊಡಲಿಗಳು ಸುಮಾರು 17.5 ಲಕ್ಷ ವರ್ಷ ಹಳೆಯವು. ಈ ತರಹದ ಕೊಡಲಿಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯವುಗಳ ಸಾಲಿಗೆ ಸೇರುತ್ತವೆ. ಅದೇ ಜಾತಿಯ, ಆದರೆ ಬಹಳ ಈಚಿನ ಕೊಡಲಿಗಳು ನಮ್ಮ ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲಿ, ಘಟಪ್ರಭೆಯ ದಂಡೆಯಲ್ಲೂ ಸಿಕ್ಕಿವೆ. ಅದನ್ನು ಒಂದು ಸಾಲಲ್ಲಿ ಹಾಕಿದೆ. ಆಮೇಲೆ ಒಮ್ಮೆಲೇ 1897ಕ್ಕೆ ಹಾರಿದೆ. ಎರಡನೇ ಮೆನೆಲಿಕ್ ಚಕ್ರವರ್ತಿಯ ಸೈನ್ಯ ಆ ವರ್ಷ ಕೊನ್ಸೊವನ್ನು ಇಥಿಯೋಪಿಯಾಕ್ಕೆ ಸೇರಿಸಿತು. ಅದಕ್ಕೆ ಒಂದು ವರ್ಷ ಮುಂಚೆ ಇದೇ ಮೆನೆಲಿಕ್ ಅಡ್ವಾದಲ್ಲಿ ಇಟಲಿಯವರನ್ನು ಸೋಲಿಸಿ ಇಡೀ ಆಫ್ರಿಕಾದ ಹೀರೋ ಆಗಿದ್ದ. ಅಡ್ವಾದಲ್ಲಿ ಬಿಡಿಸಿದವನು, ಕೊನ್ಸೊದಲ್ಲಿ ಗೆದ್ದವನು. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಯಾವ ಕಡೆಯೂ ವಾಲುವುದಿಲ್ಲ, ಎರಡೂ ತಾರೀಖು ಬೋರ್ಡಿನ ಮೇಲೆ ಬರೆದು ಬಿಡುತ್ತೇನೆ.

ಮಾಲೀಕರು ಅಷ್ಟು ಹೊತ್ತಿಗೆ ಚಹಾ ತರಿಸಿದ್ದರು. "ಅಲ್ರೀ ಟೀಚರ್, ಆಫ್ರಿಕಾಕ್ಕೂ ನಮಗೂ ಏನ ಸಂಬಂಧ?" ಅಂದರು. ಗೋಲಗುಮ್ಮಟ ಇರುವ ಊರಲ್ಲಿ ಕೂತು ಕೇಳುವ ಪ್ರಶ್ನೆಯಾ ಇದು? ಹಬಶಿ ಅಂತ ನಾವು ಅನ್ನುತ್ತಿದ್ದದ್ದು ಇಥಿಯೋಪಿಯಾ ಕಡೆಯವರಿಗೇ. ಗೋಲಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾಹನ ದರಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿ ಇದ್ದ. ಅಹ್ಮದನಗರ ಆಳಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದವನು, ನಡುವೆ ಸ್ವಲ್ಪ ಕಾಲ ಬಿಜಾಪುರದ ಚಾಕರಿಯನ್ನೂ ಮಾಡಿದ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿಗೆ ಹೋದರೆ ಕನ್ನಡ, ಕೊಂಕಣಿ, ಮರಾಠಿ ಆಡುವ ಸಿದ್ದಿಗಳಿದ್ದಾರೆ. ಇವರ್ಯಾರೂ ಕೊನ್ಸೊದಿಂದ ಬಂದವರು ಅಂತ ನಾನು ಹೇಳುತ್ತಿಲ್ಲ. ಸಂಬಂಧ ಏನು ಅಂದರು, ಹೇಳಿದೆ. ತಾಟಿನಲ್ಲಿರುವ ರೊಟ್ಟಿಯನ್ನು ಬೇರೆ ಹೇಳಬೇಕಿಲ್ಲ.

ಕೊನ್ಸೊದ ಊರುಗಳ ಬಗ್ಗೆ ಬರೆದ ಭಾಗ ಜಾಗ ಸಾಲದೆ ಚಿಕ್ಕ ಅಕ್ಷರದಲ್ಲಿ ಹೋಗಿದೆ, ಹಿಂದಿನ ಬೆಂಚಿನಿಂದ ಕಾಣುವುದಿಲ್ಲ. ಬೇಜಾರು, ಯಾಕೆಂದರೆ ಅದೇ ಚೆನ್ನಾಗಿತ್ತು. ಊರು ಗುಡ್ಡದ ನೆತ್ತಿಯಲ್ಲಿ. ಸುತ್ತ ಕಲ್ಲಿನ ಕೋಟೆ. ಜನ ಹೆಚ್ಚಿದ ಹಾಗೆ ಆಚೆಗೊಂದು ಕೋಟೆ, ಅದರಾಚೆ ಇನ್ನೊಂದು. ಈರುಳ್ಳಿಯ ಪದರಿನ ಹಾಗೆ. ಆರು ಸುತ್ತಿನ ಊರೂ ಇದೆ. ಒಳಗೆ ಅಲ್ಲಲ್ಲಿ ಬಯಲು, ಬಯಲಿನಲ್ಲಿ ಮೋರಾ ಎಂಬ ದೊಡ್ಡ ಹುಲ್ಲಿನ ಮಾಡಿನ ಚಾವಡಿ. ಕೆಳಗೆ ಪಂಚಾಯ್ತಿ, ಹರಟೆ, ಆಟ. ಮೇಲೆ ಅಟ್ಟದಲ್ಲಿ ಊರಿನ ಹುಡುಗರು ರಾತ್ರಿ ಮಲಗುತ್ತಾರೆ. ಬೆಂಕಿ ಬಿತ್ತು, ಯಾರಿಗೋ ಏನೋ ಆಯಿತು ಅಂದರೆ ತಕ್ಷಣ ಎದ್ದು ಓಡಲು. ಕುಲಗಳು ಒಂಬತ್ತು. ಒಕ್ಕಲಿಗರು ಮತ್ತು ಕಸುಬಿನವರ ನಡುವೆ ಹೆಣ್ಣು ಕೊಡುವುದು ತರುವುದು ಹಿಂದೆ ಇರಲಿಲ್ಲ. ಈ ಸಾಲನ್ನು ಓದಿದಾಗ ಹುಡುಗ ಏನೂ ಅನ್ನಲಿಲ್ಲ, ಬರೀ ಟೈಪ್ ಮಾಡಿದ.

ಈ ಭಾಗಕ್ಕೆ ಇನ್ನೊಂದು ಅಡಿ ಎತ್ತರ ತಗೊಂಡಿದ್ದರೆ 228 ರೂಪಾಯಿ ಜಾಸ್ತಿ ಆಗುತ್ತಿತ್ತು. ಜಿಪುಣತನ ಮಾಡಿದ್ದು ನಾನು.

ಹಾಗಾದರೆ ಐದಕ್ಕೆ ಎಷ್ಟು? ಹೊತ್ತು ತಪ್ಪಿದ್ದಕ್ಕೆ ಒಂದು ಕಳೆದೆ. ಕೇಳದೆ ಸಿಂಹ ಹಾಕಿದ್ದಕ್ಕೆ ಅರ್ಧ. ಮೂರೂವರೆ. ಹುಡುಗನೊಬ್ಬನಿಗೆ ಬೇರೆ ಅಂಕ ಕೊಡುವ ಹಾಗಿದ್ದರೆ ಐದಕ್ಕೆ ಐದು. ಹೋಗುವವರು ಜಾತ್ರೆ, ಜಯಂತಿ, ಚುನಾವಣೆ ಬಿಟ್ಟು ಹೋಗಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ಮಾತಾಡಲು ಸಿಗುತ್ತಾರೆ. ಅಮಾವಾಸ್ಯೆಗೆ ರಜೆ. ಕನ್ನಡ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಒಯ್ಯಿರಿ, ವಾಟ್ಸಾಪ್ ನಂಬಬೇಡಿ.

ಬಟ್ಟೆ ಈಗ ಒಂಬತ್ತನೇ ತರಗತಿಯ ಗೋಡೆ ಮೇಲಿದೆ. ಬಣ್ಣ ಇನ್ನೂ ಹೋಗಿಲ್ಲ. ಒಂದು ಮಾತ್ರ ಆಮೇಲೆ ಕಣ್ಣಿಗೆ ಬಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ ಇಥಿಯೋಪಿಯಾ ದೇಶದ ಚಿಕ್ಕ ನಕ್ಷೆ ಹಾಕಿಸಿದ್ದೆ, ಕೊನ್ಸೊದಿಂದ ರಾಜಧಾನಿ ಎಷ್ಟು ದೂರ ಅಂತ ತೋರಿಸಲು, ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ರಿಂಗ್ ಹೊಡೆಯುವವರು ಸರಿಯಾಗಿ ಆಡಿಸ್ ಅಬಾಬಾದ ಮೇಲೆಯೇ ಹೊಡೆದಿದ್ದಾರೆ. ಪರೀಕ್ಷೆಯಲ್ಲಿ ಇಥಿಯೋಪಿಯಾದ ರಾಜಧಾನಿ ಯಾವುದು ಅಂತ ಕೇಳಿದರೆ ನಮ್ಮ ಮಕ್ಕಳು ಮೊಳೆ ಅಂತ ಬರೆಯದಿದ್ದರೆ ಸಾಕು.